ದಕ್ಷಿಣದ ಬಾಗಿಲು

“ಆಂಟಿ, ನಿಮ್ಮ ಫ್ರಂಟ್ ಡೋರ್ ಎಲ್ಲಿ?”

ಇಳಾ ಹಾಗೆ ಕೇಳಿದ್ದಕ್ಕೆ ನೀಲಾಂಬಿಕಾ ನಕ್ಕುಬಿಟ್ಟಳು. ಈಗಷ್ಟೇ ಬಾಗಿಲಿನಿಂದ ಒಳಗೆ ಬಂದು, ಬೂಟು ಬಿಚ್ಚಿಟ್ಟು, ಕಾಫಿ ಲೋಟ ಹಿಡಿದು ಕೂತ ಹುಡುಗಿ ಕೇಳುವ ಮಾತೇ ಇದು. ನಗರದ ಹಳೆಯ ಕಟ್ಟಡಗಳ ಕಚೇರಿಯಿಂದ ಸರ್ವೆಗೆ ಬರುವವಳು ಕನ್ನಡದವರ ಮಗಳು, ಶಿಕಾಗೋ ಪಕ್ಕದ ಲೊಂಬಾರ್ಡಿನಲ್ಲಿ ಹುಟ್ಟಿ ಬೆಳೆದವಳು ಎಂದು ಗೊತ್ತಾದಾಗಲೇ ನೀಲಾಂಬಿಕಾಗೆ ಅರ್ಧ ಗೆದ್ದ ಹಾಗಾಗಿತ್ತು. ನಮ್ಮ ಹುಡುಗಿ ನಮ್ಮನ್ನು ಕೈಬಿಡುತ್ತಾಳೆಯೇ ಎಂದುಕೊಂಡು ಬೆಳಿಗ್ಗೆಯೇ ಚಕ್ಕುಲಿ ಕರಿದಿಟ್ಟಿದ್ದಳು.

ಗೆಲ್ಲಬೇಕಾದದ್ದೇನೂ ಸಣ್ಣದಲ್ಲ. ಶಿಕಾಗೋದ ಆ ಬೀದಿಯಲ್ಲಿ ಒಂದು ಅಂಗಳದ ಆಚೆ ನಾಲ್ಕು, ಈಚೆ ನಾಲ್ಕು, ಮುಖಕ್ಕೆ ಮುಖ ಕೊಟ್ಟು ನಿಂತ ಎಂಟು ಇಟ್ಟಿಗೆ ಬಂಗಲೆಗಳು. ಬಂಗಲೆ ಎನ್ನುವುದು ಹೆಸರಿಗೆ ಮಾತ್ರ. ಎರಡೆರಡು ಕೋಣೆಯ, ನೂರು ವರ್ಷದ ಪುಟ್ಟ ಮನೆಗಳು. ಆರು ಮನೆಯವರು ಬಿಲ್ಡರ್‌ಗೆ ಮಾರಲು ಒಪ್ಪಿಯಾಗಿತ್ತು. ಆರು ಜನ ಒಪ್ಪಿದರೆ ಉಳಿದಿಬ್ಬರೂ ಬಿಟ್ಟು ಹೋಗಬೇಕೆಂಬುದು ಅಲ್ಲಿನ ಕರಾರು. ಅಂಗಳ ನಗರದ ಪಾರಂಪರಿಕ ಪಟ್ಟಿಗೆ ಸೇರಿದರೆ ಮಾತ್ರ ಯಾರೂ ಅದನ್ನು ಕೆಡವುವಂತಿಲ್ಲ. ಸೇರಬೇಕಾದರೆ ಎಂಟರಲ್ಲಿ ಐದು ಮನೆಗಳ ಮುಂಭಾಗ ಕಟ್ಟಿದಾಗ ಇದ್ದ ಹಾಗೆಯೇ ಇರಬೇಕು.

ಉಳಿದಿಬ್ಬರೆಂದರೆ ನೀಲಾಂಬಿಕಾ ಮತ್ತು ಎದುರು ಮನೆಯ ಅರ್ನೆಸ್ಟೀನ್. ಎಂಬತ್ತೆರಡು ದಾಟಿದ ಅರ್ನೆಸ್ಟೀನ್‌ಗೆ ಹೋಗಲು ಬೇರೆ ಜಾಗವಿರಲಿಲ್ಲ. ಆ ಅಂಗಳಕ್ಕೆ ಬಂದ ಮೊದಲ ಕಪ್ಪು ಹೆಂಗಸು ಅವರು. ತಾವು ಬಂದ ವರ್ಷವೇ ಪಕ್ಕದವರು ಮನೆ ಮಾರಿ ಹೋದದ್ದನ್ನೂ ಇನ್ನೊಬ್ಬರು ಎತ್ತರದ ಬೇಲಿ ಹಾಕಿಸಿದ್ದನ್ನೂ ನಗುತ್ತಲೇ ಹೇಳುತ್ತಿದ್ದರು; ನೀಲಾಂಬಿಕಾಳೂ ಜೊತೆಗೆ ನಗುತ್ತಿದ್ದಳು. ಹತ್ತೊಂಬತ್ತು ವರ್ಷ ಬರೀ ಹಾಯ್‌ ಹಲೋದಲ್ಲೇ ಕಳೆದವರು, ಈ ಆರು ತಿಂಗಳಿಂದ ಒಟ್ಟಿಗೆ ಬೀದಿ ಬೀದಿ ಅಲೆದು ಪಟ್ಟಿಗೆ ಸೇರಿಸಿ ಎಂಬ ಅರ್ಜಿಗೆ ಸಹಿ ಮಾಡಿಸಿಕೊಂಡು ಬಂದಿದ್ದರು.

“ನಾಲ್ಕು ಮನೆ ಓಕೆ, ಆಂಟಿ. ನಿಮ್ಮದು ಐದನೇದು,” ಎಂದಳು ಇಳಾ, ಟ್ಯಾಬ್ಲೆಟ್ ತಿರುಗಿಸಿ ತೋರಿಸುತ್ತ. “ಆದ್ರೆ ನಾನು ಬಂದಿದ್ದು ಸೈಡ್ ಡೋರ್‌ನಿಂದ. ಹಳೇ ಡ್ರಾಯಿಂಗ್‌ನಲ್ಲಿ ಡೋರ್ ಅಂಗಳದ ಕಡೆಗಿದೆ. ಅಲ್ಲಿ ಈಗ ಗೋಡೆ ಇದೆ.”

“ದಕ್ಷಿಣದ ಬಾಗಿಲು ಯಾರಾದ್ರೂ ಇಟ್ಕೋತಾರೇನಮ್ಮ?” ಎಂದ ನೀಲಾಂಬಿಕಾಳ ಗಂಡ ಶಿವರಾಮು, ಮಗುವಿಗೆ ಪಾಠ ಹೇಳುವ ಉತ್ಸಾಹದಲ್ಲಿ. “ಮನೆಗೆ ಬಂದ ವರ್ಷವೇ ನನ್ನ ಕೆಲಸ ಹೋಯ್ತು. ವೀಸಾನೂ ಹೋಗೋದ್ರಲ್ಲಿತ್ತು. ಮೈಸೂರಲ್ಲಿ ವಾಸ್ತು ನೋಡೋರಿಗೆ ಫೋಟೋ ಕಳಿಸಿದ್ವಿ. ಯಮನ ದಿಕ್ಕು, ಮೊದ್ಲು ಮುಚ್ಚಿಸಿ ಅಂದ್ರು. ಇಟ್ಟಿಗೆ ಕಟ್ಟಿಸಿ ಹದಿನೆಂಟೇ ದಿನ, ಡೆಸ್ ಪ್ಲೇನ್ಸ್‌ನಲ್ಲಿ ಕೆಲಸ ಸಿಕ್ತು.”

ಪೂರ್ವಕ್ಕೆ ಹೊಸ ಬಾಗಿಲು ಇಡಿಸಿದ ಮೇಲೆ ನೀಲಾಂಬಿಕಾ ರಂಗೋಲಿ ಹಾಕುತ್ತಿದ್ದದ್ದು ಹಿಂದಿನ ಓಣಿಯಲ್ಲಿ, ಕಸದ ಡಬ್ಬಗಳ ಎದುರು. ಅದೇ ರೂಢಿಯಾಗಿ, ಮನೆಗೆ ಇನ್ನೊಂದು ಮುಖವಿತ್ತು ಎನ್ನುವುದೇ ಮರೆತುಹೋಗಿತ್ತು. ಊರಿನವರ ಮುಂದೆಲ್ಲ ಅರ್ಜಿ ಹಿಡಿದು ನಿಂತವಳಿಗೆ ತನ್ನ ಮನೆಯ ಗೋಡೆ ಕಾಣಲಿಲ್ಲವಲ್ಲ ಎಂದು ನಾಚಿಕೆಯಾಯಿತು.

“ಹಳೇ ಡೋರ್ ಇದೆಯಾ, ಅಂಕಲ್? ಬೇಸ್‌ಮೆಂಟ್‌ನಲ್ಲಿ?” ಇಳಾಳ ದನಿಯಲ್ಲಿ ಇನ್ನೂ ಆಸೆಯಿತ್ತು. “ಇದ್ರೆ, ವಾಪಸ್ ಹಾಕಬಹುದು ಅಂತ ಬರೀತೀನಿ.”

ಗಂಡ ಹೆಂಡತಿ ಇಬ್ಬರೂ ಮುಚ್ಚಿದ ಬಾಗಿಲಿನ ಜಾಗದಲ್ಲಿದ್ದ ದೇವರ ಮಂಟಪದ ಕಡೆ ನೋಡಿದರು. ಹಳೇ ಬಾಗಿಲಿನ ಒಳ್ಳೇ ಓಕ್ ಮರ ಹಾಳಾಗಬಾರದೆಂದು ಶಿವರಾಮುವೇ ಕುಯ್ದು ಮಾಡಿದ ಮಂಟಪ. ಅಂಚೆಯವನು ಕಾಗದ ಹಾಕುವ ಹಿತ್ತಾಳೆಯ ಕಂಡಿ ಹಾಗೆಯೇ ಉಳಿದಿತ್ತು, ಚಾಮುಂಡೇಶ್ವರಿಯ ಫೋಟೋದ ಹಿಂದೆ.

“ನೀನು ನಮ್ಮವಳಲ್ವೇನಮ್ಮ,” ಎಂದಳು ನೀಲಾಂಬಿಕಾ. ಕೇಳುವಾಗಲೇ ಅವಳಿಗೆ ಅದು ತಪ್ಪೆಂದು ಗೊತ್ತಿತ್ತು. “ಒಂದು ಟಿಕ್ ಹಾಕಿಬಿಡು.”

“ಐ ಕಾಂಟ್, ಆಂಟಿ. ರಿಪೋರ್ಟ್ ಜೊತೆ ಫೋಟೋನೂ ಕಳಿಸ್ಬೇಕು. ಐ ಆ್ಯಮ್ ಸೋ ಸಾರಿ.” ಅಂಗಳಕ್ಕೆ ಹೋಗಿ ಬೋಳು ಗೋಡೆಯ ಫೋಟೋ ತೆಗೆದುಕೊಂಡು ಅವಳು ಹೊರಟುಹೋದಳು. ಮುರಿದ ಚಕ್ಕುಲಿ ತಟ್ಟೆಯಲ್ಲೇ ಇತ್ತು.

ಅರ್ನೆಸ್ಟೀನ್‌ಗೆ ಹೇಳಬೇಕಿತ್ತು. ಆ ಬಾಗಿಲು ಇದ್ದಿದ್ದರೆ ಇಪ್ಪತ್ತು ಹೆಜ್ಜೆ. ಈಗ ಓಣಿಗಿಳಿದು, ನವೆಂಬರಿನ ಗಾಳಿಯಲ್ಲಿ ಮೂಲೆ ಸುತ್ತಿ, ಬೀದಿಯ ಕಡೆಯಿಂದ ಅಂಗಳದೊಳಗೆ ಬರಬೇಕು. ದಾರಿಯುದ್ದಕ್ಕೂ ನೀಲಾಂಬಿಕಾ ಇಂಗ್ಲಿಷಿನಲ್ಲಿ ವಾಸ್ತುವನ್ನು ಹೇಗೆ ಹೇಳುವುದೆಂದು ಮಾತು ಜೋಡಿಸುತ್ತಿದ್ದಳು. ಅರ್ನೆಸ್ಟೀನ್ ಕೋಟು ಹೊದ್ದು ಮೆಟ್ಟಿಲ ಮೇಲೆ ಕಾಯುತ್ತ ಕೂತಿದ್ದರು. ಮುಖ ನೋಡಿದ ಕೂಡಲೇ ಅವರಿಗೆ ತಿಳಿಯಿತು. ನೀಲಾಂಬಿಕಾ ಪಕ್ಕದಲ್ಲಿ ಕೂತು ಒಂದೂ ಬಿಡದೆ ಹೇಳಿದಳು: ದಿಕ್ಕು, ಯಮ, ಹೋದ ಕೆಲಸ, ಸಿಕ್ಕಿದ ಕೆಲಸ. ಹೇಳುತ್ತ ಹೇಳುತ್ತ ಅತ್ತಳು.

ಅರ್ನೆಸ್ಟೀನ್ ಎದುರಿನ ಗೋಡೆಯ ಕಡೆ ನೋಡಿದರು. ಅಲ್ಲಿ ಒಂದು ಬಾಗಿಲಿನಗಲಕ್ಕೆ ಇಟ್ಟಿಗೆಯ ಬಣ್ಣ ಸ್ವಲ್ಪ ಬೇರೆಯಾಗಿತ್ತು.

“ದಿಕ್ಕಿಗೋಸ್ಕರ ಮುಚ್ಚಿದ್ದಾ?” ಎಂದರು ಮೆಲ್ಲಗೆ. “ಬಾಗಿಲು ತೆಗೆದ್ರೆ ಎದುರಿಗೆ ನಾನು ಕಾಣ್ತೀನಿ, ಅದಕ್ಕೇ ಮುಚ್ಚಿದ್ರು ಅಂದ್ಕೊಂಡು ಹತ್ತೊಂಬತ್ತು ವರ್ಷ ಇಲ್ಲೇ ಕೂತಿದ್ದೆ.”