ತೆರೆ, ನಯನ

“ತೆರೆ! ನಯನ, ತೆರೆ!”

ಕೂಗಿ ಕೂಗಿ ತೀರ್ಥೇಶನ ದನಿ ಒಡೆದಿತ್ತು. ಆದರೂ ಕೂಗಿದ. ಹಸಿರು ತೆರೆಯೊಂದು ಎದ್ದು, ಬಾಗಿ, ಹಾದುಹೋಯಿತು. ಅದರ ಬೆನ್ನಿಗೇ ಇನ್ನೊಂದು. ಮಲಗಿದ್ದ ನಯನ ಅಲುಗಲಿಲ್ಲ.

“ಎಂತ ಮಾರಾಯ್ತಿ, ಇಲ್ಲಿ ಮಲಗ್ಲಿಕ್ಕೆ ಬಂದದ್ದಾ?” ಎಂದಿತು ದುರ್ಗಪ್ಪನ ದನಿ. “ಹಲಗೆ ಬಿಗಿಯಾಗಿ ಹಿಡ್ಕೊ. ತೆರೆ ಬೆನ್ನು ತಟ್ಟಿದ ಕೂಡ್ಲೆ ಏಳ್ಬೇಕು. ಯೋಚ್ನೆ ಮಾಡ್ತಾ ಕೂತ್ರೆ ಅದು ಕಾಯುದಿಲ್ಲ.”

ಬಲೆ ಬಿಟ್ಟು ಹಲಗೆ ಹಿಡಿದ ಮೀನುಗಾರ ದುರ್ಗಪ್ಪ. ನಯನಳಿಗೆ ತೆರೆಸವಾರಿಯ, ಅಂದರೆ ಸರ್ಫಿಂಗಿನ, ಮೊದಲ ಪಾಠ ಹೇಳಿದ ಗುರು.

ಊರವರೆಲ್ಲ ಅಲೆ ಎನ್ನುತ್ತಾರೆ. ತೀರ್ಥೇಶನಿಗೆ ತೆರೆಯೇ ಆಗಬೇಕು. “ತರೀಕೆರೆ ಅಂದ್ರೇನು? ತೆರೆ ಇಲ್ದಿರೋ ಕೆರೆ! ಅದ್ಕೇ ನಮ್ಮವಳಿಗೆ ತೆರೆ ಹುಚ್ಚು” ಎಂದು ಮದುವೆ ಮಂಟಪದಲ್ಲೇ ಹೇಳಿ ಮಾವ ಕರಿಯಪ್ಪನವರ ಹುಬ್ಬು ಗಂಟಿಕ್ಕಿಸಿದ್ದ. ಹೆಂಡತಿ ನಯನ, ಅತ್ತೆ ಸುಲೋಚನಮ್ಮ. “ಮಾವನ ಮನೇಲಿ ಎಲ್ಲಾರೂ ಕಣ್ಣೇ. ಕದ್ದು ಒಂದು ಲಾಡು ತಿನ್ನಂಗಿಲ್ಲ” ಎಂಬುದು ಇನ್ನೊಂದು. ಯಾರೂ ನಗದಿದ್ದಾಗ ನಯನ ಒಬ್ಬಳೇ ನಗುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು.

ಅವನು ಮಾವನ ಲಾಡು ಕದಿಯಲಿಲ್ಲ, ದನಿ ಕದ್ದ. ಮದುವೆಗೂ ಮುಂಚೆ, ಕಾಲೇಜಿನ ದಿನಗಳಲ್ಲೇ, ನಯನಳ ಹಾಸ್ಟೆಲಿಗೆ ಫೋನ್ ಮಾಡಿ, “ನಾನ್ರೀ ತರೀಕೆರೆ ಕರಿಯಪ್ಪ. ನನ್ ಮಗಳ್ನ ಊರಿಗೆ ಕಳ್ಸಿ” ಎಂದು ಗುಡುಗಿದ. ವಾರ್ಡನ್ ನಡುಗಿ ಕಳಿಸಿದಳು. ಇಬ್ಬರೂ ಊರಿಗೆ ಹೋಗಲಿಲ್ಲ. ಹೊನ್ನಾವರ ದಾಟಿ, ಡಾಂಬರು ಮುಗಿದ ಮೇಲೂ ನಡೆದು, ಗೋಡಂಬಿ ಗುಡ್ಡ ಇಳಿದರು. ಕೆಳಗೆ ಅಂಗೈಯಗಲದ ಮರಳು, ಎದುರಿಗೆ ಕಡಲು. ನರಪಿಳ್ಳೆ ಇಲ್ಲ. ಆ ಜಾಗಕ್ಕೆ ಹೆಸರೂ ಇರಲಿಲ್ಲ. ತೀರ್ಥೇಶನೇ ಇಟ್ಟ: ಕಡಲೂರು. ತನ್ನೂರು ಕಡೂರಿನ ನಡುವೆ ಒಂದು ‘ಲ’ ತೂರಿಸಿದರೆ ಆಯಿತು.

ಹೋದ ವರ್ಷ ಅದೇ ಕಡಲೂರಿನಲ್ಲಿ, ದುರ್ಗಪ್ಪನ ಹಲಗೆಯ ಮೇಲೆ, ನಯನ ಬಿದ್ದದ್ದೇ ಬಿದ್ದದ್ದು. ಒಮ್ಮೆಯೂ ಎದ್ದು ನಿಲ್ಲಲಿಲ್ಲ. ಮೂಗಿನಿಂದ ನೀರು ಸೋರಿಸಿಕೊಂಡು, “ಮುಂದಿನ ಸಲ ಏಳದಿದ್ರೆ ನನ್ನ ಹೆಸರು ಬದಲಾಯಿಸು ಕಣೋ” ಎಂದಿದ್ದಳು.

ಇವತ್ತು ಏಳಲೇಬೇಕು. “ಬಿಸ್ಲು ಇಳಿಯೋ ಹೊತ್ಗೆ ಬತ್ತೀನಿ. ಅಲ್ಲೀಗಂಟ ನಿನ್ನಾಟ. ಆಮೇಲೆ ಮಗಳ್ನ ಮನೆಗೆ ಕರ್ಕೊಂಡೋಗ್ತೀನಿ” ಎಂದು ಮಾವ ಬೆಳಿಗ್ಗೆಯೇ ಖಂಡಿತವಾಗಿ ಹೇಳಿ ಹೋಗಿದ್ದರು. ಅಷ್ಟರೊಳಗೆ ಅವಳು ಒಂದು ಸಲ ಎದ್ದರೆ ತೀರ್ಥೇಶ ಗೆದ್ದ. ಇಲ್ಲದಿದ್ದರೆ ಅವಳು ಅಪ್ಪನ ಪಾಲು.

ಕಡಲಹಕ್ಕಿಯ ಕೂಗು ಕೇಳಿತು. ನೊರೆ ಮರಳನ್ನು ಉಜ್ಜುವ ‘ಸ್ಸ್ಸ್’ ಕೇಳಿತು. ಅದರ ನಡುವೆ ಸುಲೋಚನಮ್ಮನ ದನಿ: “ನಯ್ನಾ, ಎಷ್ಟೊತ್ತು ಬಿದ್ಕೊಂಡಿರ್ತೀಯೇ? ಅವಲಕ್ಕಿ ಆರೋಗ್ತೈತೆ, ಏಳೇ!”

ನಯನ ಏಳಲಿಲ್ಲ. ಉಪ್ಪುನೀರು ಅವಳ ಮೈಗೆ ಇಳಿಯುತ್ತಲೇ ಇತ್ತು.

ಮಲ್ಲಿಕಾಂಬ ಹತ್ತಿರ ಬಂದಳು. ಯಾರೂ ಮುಳುಗದಂತೆ ಕಣ್ಣಿಟ್ಟು ಕಾಯುವುದು ಅವಳ ಕೆಲಸ.

“ಬೆಳಿಗ್ಗೆಯಿಂದ ಕೂಗ್ತಾನೇ ಇದೀರಲ್ಲ ಸಾರ್. ಹೋಗಿ ಒಂದು ಟೀ ಕುಡ್ಕೊಂಡ್ಬನ್ನಿ. ನಾನಿರ್ತೀನಿ.”

“ಟೀ ಆಮೇಲೆ. ತೆರೆ ಹೆಂಗೈತೆ ಹೇಳಿ.”

ಅವಳು ತೆರೆಗಳನ್ನೇ ಒಂದು ಗಳಿಗೆ ನೋಡಿದಳು. “ಇಳೀತಾ ಇದೆ” ಎಂದು ಮುಖ ತಿರುಗಿಸಿದಳು.

ಬಿಸಿಲೂ ಇಳಿಯುತ್ತಿತ್ತು. ತೀರ್ಥೇಶನ ಹತ್ತಿರ ಕೊನೆಯ ಉಪಾಯವೊಂದು ಉಳಿದಿತ್ತು. ಇದಕ್ಕೆ ಮಾತ್ರ ಅವಳು ಎಂಥಾ ನಿದ್ದೆಯಲ್ಲಿದ್ದರೂ ಎದ್ದು ಕೂರುತ್ತಿದ್ದಳು.

“ಲೇ ನಯನಾ! ಏಳ್ತೀಯೋ ಇಲ್ವೋ?” ಕರಿಯಪ್ಪನವರ ದನಿ ಗುಡುಗಿತು.

ಏನೂ ಆಗಲಿಲ್ಲ.

“ಸಾಕು ಬಿಡಪ್ಪಾ.” ಮತ್ತೆ ಅದೇ ದನಿ. ಬಾಗಿಲ ಕಡೆಯಿಂದ. ಈಗ ಅದರಲ್ಲಿ ಗುಡುಗು ಇರಲಿಲ್ಲ, ನಡುಕವಿತ್ತು.

ತೀರ್ಥೇಶ ಬಾಯಿ ಮುಚ್ಚಿಕೊಂಡಿದ್ದ. ಬೆಳಿಗ್ಗೆ ಮಾವ ಹೋದ ಮೇಲೆ ಆ ಕೋಣೆಯಲ್ಲಿ ಕೇಳಿದ ದನಿಗಳಲ್ಲಿ, ಮಲ್ಲಿಕಾಂಬಳದು ಬಿಟ್ಟರೆ, ಅವನ ಗಂಟಲಿನಿಂದ ಬರದದ್ದು ಇದೊಂದೇ.

ಕರಿಯಪ್ಪ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಮಗಳ ಕಾಲು ಮುಟ್ಟಿದರು. “ಪಂಚನಹಳ್ಳಿ ತಿರುವಲ್ಲಿ ಗಾಡಿ ಬಿದ್ದಾಗ್ಲೇ ಇವಳು ಹೋಗ್ಬಿಟ್ಳು ಕಣಪ್ಪಾ. ಉಸ್ರಾಡ್ತಿರೋದು ಮಿಷನ್ನು. ಡಾಕ್ಟ್ರು ಹೊರ್ಗೆ ಕಾಯ್ತಾವ್ರೆ. ತೆಗೀಲಿ ಬಿಡು.”

“ಕೇಳಿಸಿದರೂ ಕೇಳಿಸೀತು, ಇಷ್ಟವಾದದ್ದು ಏನಾದರೂ ಮಾತಾಡಿ” ಎಂದಿದ್ದವರೂ ಅದೇ ಡಾಕ್ಟರು. ಅವಳಿಗೆ ಇಷ್ಟವಾದದ್ದು ಕಡಲು. ಹಕ್ಕಿ, ನೊರೆ, ದುರ್ಗಪ್ಪ ಸಮೇತ ಇಡೀ ಕಡಲನ್ನು ತೀರ್ಥೇಶ ಬಾಯಲ್ಲಿ ಹೊತ್ತು ತಂದಿದ್ದ. ಆಸ್ಪತ್ರೆಯ ಕಿಟಕಿಯಾಚೆ ಬಸ್ಸೊಂದು ಹಾರ್ನ್ ಹೊಡೆಯಿತು. ಅಲ್ಲಿದ್ದದ್ದು ಬರೀ ಕಡೂರು. ‘ಲ’ ಇರಲಿಲ್ಲ.

ನರ್ಸ್ ಮಲ್ಲಿಕಾಂಬ ಡಾಕ್ಟರ ಜೊತೆ ಬಂದು ಕೊಳವೆ ಬಿಡಿಸಿದಳು. ಮಂಚದ ಪಕ್ಕದ ಪುಟ್ಟ ಪರದೆಯ ಮೇಲೆ ಹಸಿರು ತೆರೆಗಳು ಒಂದೊಂದಾಗಿ ಕುಗ್ಗಿದವು. ಕೊನೆಗೆ ತೆರೆ ಹೋಗಿ ಗೆರೆಯಾಯಿತು.

ತೀರ್ಥೇಶ ಬಗ್ಗಿ, ಅವಳ ರೆಪ್ಪೆಗಳನ್ನು ಹೆಬ್ಬೆರಳಿನಿಂದ ಸವರಿ, ಬೆಳಿಗ್ಗೆಯಿಂದ ಬೇಡುತ್ತಿದ್ದದ್ದನ್ನೇ ಮತ್ತೊಮ್ಮೆ, ಯಾರ ದನಿಯೂ ಅಲ್ಲದ ತನ್ನ ದನಿಯಲ್ಲಿ ಬೇಡಿದ:

“ತೆರೆ, ನಯನ. ಕಣ್ಣು ತೆರೆ.”