ತಲೆಬುಡ

ಇವತ್ತು ಅವನ ಬಣ್ಣ ಬಯಲು ಮಾಡಲೇಬೇಕು ಎಂದುಕೊಂಡೇ ಹದ್ದಿನಕಣ್ಣಮ್ಮ ಗ್ರಂಥಾಲಯದ ಹದಿನಾಲ್ಕು ಮೆಟ್ಟಿಲು ಹತ್ತಿದರು. ತಂಗಿ ಕೈಹಿಡಿದು ಒಳಗೆ ಕರೆತಂದು, ಕುರ್ಚಿಯಲ್ಲಿ ಕೂರಿಸಿ ಹೋದಳು. ಮಂಡಿನೋವು ಎಂದು ಬಳಗಕ್ಕೆಲ್ಲ ಹೇಳಿಯಾಗಿತ್ತು.

ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಒಂದು ಕೊಂಬು ತಪ್ಪಿದರೂ, ಒಂದು ಒತ್ತು ಬಿಟ್ಟುಹೋದರೂ ಅವರಿಂದ ಪಾರಾಗುತ್ತಿರಲಿಲ್ಲ. ಆ ಹೆಸರು ಬಂದದ್ದು ಹಾಗೆ. ನಿವೃತ್ತಿಯಾದ ಮೇಲೆ ಅವರಿಗೆ ಉಳಿದದ್ದು ಆ ಹೆಸರು ಮತ್ತು ಈ ಭಾನುವಾರದ ಓದುಗರ ಬಳಗ, ಎರಡೇ. ಇಲ್ಲಿ ಪ್ರತಿಯೊಬ್ಬರೂ ಸದ್ಯ ಓದುತ್ತಿರುವ ಪುಸ್ತಕದ ಬಗ್ಗೆ ಅನಿಸಿದ್ದನ್ನು ಹೇಳಬೇಕು. ಓದದೆ ಓದಿದಂತೆ ನಟಿಸುವವರು ಎದ್ದು ಹೋಗಬೇಕು. ಎರಡನೆಯ ನಿಯಮ ಹದ್ದಿನಕಣ್ಣಮ್ಮನೇ ಬರೆದದ್ದು. ಬಳಗ ಕೈತಪ್ಪಿದರೆ ವಾರದ ಉಳಿದ ದಿನಗಳನ್ನು ಯಾವ ಆಸೆಯಿಂದ ತಳ್ಳುವುದೆಂದು ಅವರಿಗೆ ಗೊತ್ತಿರಲಿಲ್ಲ.

ಮೈದಾ ಅಂಟಿನ ವಾಸನೆ ಬಂತು. ಬಲಗಡೆಯ ಕುರ್ಚಿ ಕಿರುಗುಟ್ಟಿತು. ಬೈಂಡರ್ ಬಂದ.

ಗ್ರಂಥಾಲಯದ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕುವ ಈ ಮನುಷ್ಯ ಬಳಗ ಸೇರಿ ಒಂದು ವರ್ಷವಾಗಿತ್ತು. ಅವನು ಬಾಯಿಬಿಟ್ಟರೆ ಎಲ್ಲರೂ ಕಿವಿಯಾಗುತ್ತಿದ್ದರು. ಒಂದು ಕಾದಂಬರಿಯನ್ನು ಅರವತ್ತು ಪುಟದ ಮೇಲೆ ಯಾರೂ ಓದಲಾರರು ಎಂದಿದ್ದ. ಇನ್ನೊಂದನ್ನು ಮುಗಿಸುವಾಗ ಎಂಥವರಿಗೂ ಕಣ್ಣೀರು ಬರುತ್ತದೆ ಎಂದಿದ್ದ. ಬಳಗದ ಔಷಧಿ ಅಂಗಡಿಯವರು ಅದನ್ನು ಓದಿ, ನಿಜಕ್ಕೂ ಅತ್ತು, ಇವನಂಥ ವಿಮರ್ಶಕ ಇನ್ನೊಬ್ಬನಿಲ್ಲ ಎಂದು ಹೊಗಳಿದ್ದರು.

ಹದ್ದಿನಕಣ್ಣಮ್ಮನಿಗೆ ಮೈಯೆಲ್ಲ ಉರಿದಿತ್ತು. ಅವನು ಒಮ್ಮೆಯಾದರೂ ಒಂದು ಪಾತ್ರದ ಹೆಸರು ಹೇಳಿದ್ದುಂಟೇ? ಹೊಲಿಗೆ ಎಲ್ಲಿ ಸಡಿಲ, ಹಾಳೆ ಎಲ್ಲಿಂದ ಗರಿಗರಿ, ಹನಿ ಬಿದ್ದ ಕಲೆ ಯಾವ ಪುಟದಲ್ಲಿ, ಅಷ್ಟನ್ನು ನೋಡಿ ಉಳಿದದ್ದನ್ನು ಹೊಸೆಯುತ್ತಾನೆ. ಅವನಿಗೆ ಪುಸ್ತಕದ ತಲೆಬುಡ ಗೊತ್ತಿಲ್ಲ ಎಂದು ತಂಗಿಗೆ ನೂರು ಸಲ ಹೇಳಿದ್ದರು.

"ನಿನಗ್ಯಾಕಕ್ಕ ಇಲ್ಲದ ಉಸಾಬರಿ? ಅದೂ ಈಗ," ಎಂದಿದ್ದಳು ತಂಗಿ.

ಆದರೆ ತಲೆಗೆ ಹೊಕ್ಕ ಹುಳ ಸುಮ್ಮನಿರಲು ಬಿಡಲಿಲ್ಲ. ಕೊನೆಗೊಂದು ಉಪಾಯ ಹೊಳೆಯಿತು. ಅಭಿಪ್ರಾಯ ಹೇಳುವ ಮೊದಲು ಪ್ರತಿಯೊಬ್ಬರೂ ತಮ್ಮ ಪುಸ್ತಕದಿಂದ ಒಂದು ಪುಟ ಗಟ್ಟಿಯಾಗಿ ಓದಬೇಕು. ಮೊದಲು ತಾವು, ಆಮೇಲೆ ಬಲಗಡೆಯವರು. ಆ ಒಂದು ಪುಟಕ್ಕಾಗಿ ನಾಲ್ಕು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತಯಾರಿ ನಡೆಸಿದ್ದರು. ತಪ್ಪು ಹಿಡಿಯುವವರು ತಾವೇ ತಪ್ಪಬಾರದಲ್ಲ.

ವಿಷಯ ತಿಳಿಸಿದಾಗ ಬಲಗಡೆಯ ಕುರ್ಚಿ ಮತ್ತೆ ಕಿರುಗುಟ್ಟಿತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎಂದು ಒಳಗೊಳಗೇ ನಕ್ಕರು. ನಕ್ಕರೂ ತಮ್ಮ ಪುಟದ ಮೊದಲ ಸಾಲನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡರು.

ಚೀಲದಿಂದ ಪುಸ್ತಕ ತೆಗೆದರು. ಹೊಸ ಬೈಂಡು; ಹಿಂದೂ ಮುಂದೂ ಒಂದೇ ನುಣುಪು ಬಟ್ಟೆ. ಚೀಟಿ ಇಟ್ಟ ಕಡೆ ಬಿಡಿಸಿ, ಕನ್ನಡಕ ಸರಿಮಾಡಿಕೊಂಡು ಓದಿದರು. ದೀರ್ಘ ದೀರ್ಘವಾಗಿ, ಒತ್ತು ಒತ್ತಾಗಿ, ಒಂದಕ್ಷರವೂ ಜಾರಲಿಲ್ಲ. ಚಪ್ಪಾಳೆ ಬಿತ್ತು.

"ಕಣ್ಣು ಅಂದ್ರೆ ಇವರದು," ಎಂದರು ಎದುರಿಗಿದ್ದ ಔಷಧಿ ಅಂಗಡಿಯವರು.

"ಈಗ ನಿಮ್ಮ ಸರದಿ," ಎಂದು ಹದ್ದಿನಕಣ್ಣಮ್ಮ ಬಲಕ್ಕೆ ತಿರುಗಿದರು.

ಕುರ್ಚಿ ಇತ್ತ ಸರಿದ ಸದ್ದಾಯಿತು. ಆಮೇಲೆ ಅಂಟಿನ ವಾಸನೆ ಹತ್ತಿರವಾಯಿತು. ಅವನ ಉಸಿರು ಕಿವಿಗೆ ತಾಗಿತು.

"ಅಮ್ಮ, ನನಗೆ ಅಕ್ಷರ ಬರಲ್ಲ," ಎಂದು ಪಿಸುಗುಟ್ಟಿದ. "ಪುಸ್ತಕದ ಮಾತು ಕೇಳೋ ಆಸೆಗೆ ಬರ್ತೀನಿ. ಕಳಿಸಿಬಿಡಬೇಡಿ."

ಸಿಕ್ಕಿಬಿದ್ದ. ಎಲ್ಲರಿಗೂ ಕೇಳುವಂತೆ ಹೇಳಲು ಹದ್ದಿನಕಣ್ಣಮ್ಮ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಒರಟು ಬೆರಳುಗಳು ಅವರ ಕೈಯಲ್ಲಿದ್ದ ಪುಸ್ತಕವನ್ನು ಮೆಲ್ಲಗೆ ಅರ್ಧ ಸುತ್ತು ತಿರುಗಿಸಿದವು.

"ಇದನ್ನ ಕಟ್ಟಿದ್ದು ನಾನೇ. ತಲೆ ಯಾವುದು, ಬುಡ ಯಾವುದು ಅಂತ ನನಗೆ ಗೊತ್ತು. ಇಷ್ಟೊತ್ತೂ ತಲೆಕೆಳಗೆ ಹಿಡ್ಕೊಂಡೇ ಓದಿದ್ರಿ. ಕಣ್ಣು ಹೋಗಿ ಎಷ್ಟು ದಿನ ಆಯ್ತಮ್ಮ?"