ಕಫದ ಡಬ್ಬಿ

ಡಾಕ್ಟರು ಎರಡು ವರದಿಗಳನ್ನು ಮೇಜಿನ ಮೇಲೆ ಜೋಡಿಸಿಟ್ಟರು. "ಮುರಳೀಧರ್ ಜೀ, ಮೂತ್ರದಲ್ಲಿ ಟಿಬಿ ಕಾಣಿಸಿಲ್ಲ, ಕಫದಲ್ಲಿದೆ. ಎಚ್‌ಐವಿ ಇರುವವರಲ್ಲಿ ಒಂದೇ ಪರೀಕ್ಷೆ ನಂಬೋಕಾಗಲ್ಲ, ಅದಕ್ಕೇ ಎರಡು. ಚಲೋ, ಔಷಧಿ ಇವತ್ತೇ ಶುರು ಮಾಡೋಣ."

"ಕೊನೆಗೂ ಕಳ್ಳ ಸಿಕ್ಕಿಬಿದ್ದ ಕಣೇ," ಎಂದು ಮುರಳೀಧರ ಹೆಂಡತಿಯತ್ತ ತಿರುಗಿ ನಕ್ಕ. ತಿಂಗಳಿಂದ ಜ್ವರದಲ್ಲಿ ಬೇಯುತ್ತಿದ್ದವನ ಮೊದಲ ನಗು ಅದು.

ಅಹಲ್ಯಾ ನಗಲಿಲ್ಲ. ಮೊನ್ನೆ ಅವನು ಎಷ್ಟು ಕೆಮ್ಮಿದರೂ ಕಫಕ್ಕೆಂದು ಆಸ್ಪತ್ರೆಯವರು ಕೊಟ್ಟ ಡಬ್ಬಿ ಖಾಲಿಯೇ ಉಳಿದಿತ್ತು. ಮೂರನೇ ಸಲವೂ ಔಷಧಿಯಿಲ್ಲದೆ ಕರೋಲ್ ಬಾಗಿನ ಮನೆಗೆ ವಾಪಸ್ಸು ಕಳಿಸುತ್ತಾರೆಂದು ಹೆದರಿ, ಶೌಚಾಲಯದ ಬಾಗಿಲು ಹಾಕಿಕೊಂಡು ಅವಳೇ ಅದರಲ್ಲಿ ಕೆಮ್ಮಿ ಉಗುಳಿದ್ದಳು. ತನ್ನದು ಬರೀ ದಿಲ್ಲಿಯ ಹೊಗೆಯ ಕೆಮ್ಮು ಎಂದೇ ನಂಬಿದ್ದಳು.

ತೊಡೆಯ ಮೇಲಿದ್ದ ಮಗಳನ್ನು ಮೆಲ್ಲಗೆ ಪಕ್ಕದ ಕುರ್ಚಿಗೆ ಸರಿಸಿ, ಅವಳು ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು.